ಕಡಿಸದ ಬಳ್ಳಿ

ವೈನಿನ ಬಗ್ಗೆ ಬರೆಯಲು ನಿಮಗೇನು ಅಧಿಕಾರ ಎಂದು ಯಾರಾದರೂ ಕೇಳಿದರೆ, ಇಲ್ಲ ಎಂದೇ ನನ್ನ ಉತ್ತರ. ಅದರ ಒಂದು ಹನಿಯೂ ನನ್ನ ನಾಲಿಗೆಯನ್ನು ಮುಟ್ಟಿಲ್ಲ. ಕುಡಿತ ಎಂದಕೂಡಲೇ ನನಗೆ ನೆನಪಾಗುವುದು ಶಾಲೆಯ ಹಾಜರಿ ಪುಸ್ತಕ. ಯಾವ ಹುಡುಗಿ ಸೋಮವಾರ ಬರಲಿಲ್ಲ, ಯಾವ ಹುಡುಗ ಪರೀಕ್ಷೆಯ ಫೀ ತರಲಿಲ್ಲ ಎಂದು ವಿಚಾರಿಸುತ್ತ ಹೋದರೆ ಎಷ್ಟೋ ಸಲ ಅದರ ಹಿಂದೆ ಒಬ್ಬ ಅಪ್ಪನ ಬಾಟಲಿ ಇರುತ್ತದೆ. 2007ರಲ್ಲಿ ನಮ್ಮ ರಾಜ್ಯದಲ್ಲಿ ಸಾರಾಯಿ ನಿಂತಿತು, ಬಾಟಲಿ ನಿಲ್ಲಲಿಲ್ಲ. ಇರಲಿ, ಆ ಮಾತು ಇಲ್ಲಿ ಬೇಡ. ನಾನು ಹೇಳಹೊರಟಿರುವುದು ಕುಡಿಯುವವರ ಸುದ್ದಿಯಲ್ಲ, ಬೆಳೆಯುವವರ ಸುದ್ದಿ. ಅದಕ್ಕೆ ನನಗೆ ಅಷ್ಟಿಷ್ಟು ಅಧಿಕಾರ ಉಂಟು. ನಾನು ವಿಜಯಪುರ ಜಿಲ್ಲೆಯ ತಿಕೋಟಾ ಕಡೆಯವಳು, ದ್ರಾಕ್ಷಿ ಬೆಳೆದವರ ಮಗಳು.

ಮಗಳು, ಅಳಿಯ ಫ್ರಾನ್ಸಿನ ತುಲೂಸ್ ಪಟ್ಟಣದಲ್ಲಿದ್ದರು. ಅಳಿಯನಿಗೆ ಅಲ್ಲಿ ವಿಮಾನ ತಯಾರಿಸುವ ಕಂಪನಿಯಲ್ಲಿ ಕೆಲಸ. 2019ರ ದಸರೆ ರಜೆಗೆ ಇನ್ನೊಂದಿಷ್ಟು ರಜೆ ಜೋಡಿಸಿಕೊಂಡು ನಾನೂ ಹೋಗಿದ್ದೆ. ಪ್ಯಾರಿಸ್ಸಿನ ಗೋಪುರ, ಅರಮನೆ ಎಲ್ಲ ಆಯಿತು. ಇನ್ನೇನು ನೋಡುತ್ತೀ ಎಂದು ಮಗಳು ಕೇಳಿದಾಗ ದ್ರಾಕ್ಷಿ ತೋಟ ತೋರಿಸು ಎಂದೆ. "ನೋಡೂದ ಆದ್ರ ಜಗತ್ತಿನಾಗ ಭಾಳ ತುಟ್ಟಿ ತೋಟಾನೇ ನೋಡಿಬಿಡು" ಎಂದು ಅವಳು ರೈಲಿನ ಟಿಕೀಟು ತೆಗೆಸಿದಳು. ತುಲೂಸಿನಿಂದ ಬೋರ್ದೋ, ಬೋರ್ದೋದಿಂದ ಅರ್ಧ ಗಂಟೆ ದೂರದ ಲಿಬೂರ್ನ್, ಅಲ್ಲಿಂದ ಕೂಗಳತೆ ಎನ್ನಬಹುದಾದಷ್ಟು ಹತ್ತಿರ ಪೊಮೆರೊಲ್. ದೋರ್ದೋನ್ಯ ನದಿಯ ಬಲದಂಡೆಯ ಸೀಮೆ. ಪೊಮೆರೊಲ್ ಊರು ಎಂದರೆ ಊರೇ ಅಲ್ಲ. ನಡುವೆ ಒಂದು ಚರ್ಚಿನ ಚೂಪು ಗೋಪುರ, ಸುತ್ತ ಬರೀ ಬಳ್ಳಿ, ಬಳ್ಳಿಯ ನಡುವೆ ಅಲ್ಲೊಂದು ಇಲ್ಲೊಂದು ಮನೆ.

ಅಲ್ಲಿಯ ಪೇತ್ರುಸ್ ಎಂಬ ತೋಟವನ್ನು ನೋಡಲು ನಾವು ಹೋದದ್ದು. ಒಳಗೆ ಬಿಡುವುದಿಲ್ಲ ಎಂದು ಮಗಳು ಮೊದಲೇ ಹೇಳಿದ್ದಳು. ಒಳಗೆ ಹೋಗುವ ಅವಶ್ಯಕತೆಯೂ ಇರಲಿಲ್ಲ, ಬಳ್ಳಿಗಳು ರಸ್ತೆಯ ಬದಿಗೇ ಬಂದು ನಿಂತಿದ್ದವು. ಬೋರ್ದೋ ಸೀಮೆಯ ತೋಟಗಳಿಗೆಲ್ಲ ಹೆಸರಿನ ಹಿಂದೆ 'ಶಾತೋ' ಎಂಬ ಬಿರುದು ಇರುತ್ತದೆ, ನಮ್ಮ ದೇಸಾಯರ ವಾಡೆ ಇದ್ದ ಹಾಗೆ. ಪೇತ್ರುಸ್ಸಿಗೆ ವಾಡೆಯಿಲ್ಲ, ಬಿರುದೂ ಇಲ್ಲ. ಬಾಟಲಿಯ ಚೀಟಿಯ ಮೇಲೆ ಕೈಯಲ್ಲಿ ಬೀಗದ ಕೈ ಹಿಡಿದ ಸಂತ ಪೀಟರನ ಚಿತ್ರ, ಕೆಳಗೆ ಬರೀ ಹೆಸರು. ಬೋರ್ದೋ ವೈನುಗಳಿಗೆ 1855ರಲ್ಲಿ ಪ್ಯಾರಿಸ್ಸಿನ ವಸ್ತುಪ್ರದರ್ಶನಕ್ಕೆಂದು ದರ್ಜೆ ಕಟ್ಟಿದರು. ಮೊದಲನೆಯ ದರ್ಜೆ, ಎರಡನೆಯ ದರ್ಜೆ ಎಂದು ಐದರ ತನಕ ಪಟ್ಟಿ. ಅದರಲ್ಲಿ ನದಿಯ ಈಚೆಗಿನ ಪೊಮೆರೊಲ್ಲಿನ ಒಂದು ತೋಟವೂ ಸೇರಲಿಲ್ಲ. ಪೊಮೆರೊಲ್ಲಿಗೆ ಇವತ್ತಿಗೂ ಅಂಥ ದರ್ಜೆಪಟ್ಟಿಯಿಲ್ಲ. ಪಟ್ಟಿಯಲ್ಲೇ ಇಲ್ಲದವನು ಪಟ್ಟಿಯ ಮೊದಲಿನವರಿಗಿಂತ ಹೆಚ್ಚು ಬೆಲೆಗೆ ಹೋಗುವುದನ್ನು ಮೂವತ್ತು ವರ್ಷ ರ‍್ಯಾಂಕು ಬರೆದ ನಾನು ಸುಲಭಕ್ಕೆ ನಂಬುತ್ತಿರಲಿಲ್ಲ.

ತೋಟ ಎಷ್ಟು ದೊಡ್ಡದು ಅಂದಿರಿ? ಹನ್ನೊಂದೂವರೆ ಹೆಕ್ಟೇರ್, ನಮ್ಮ ಲೆಕ್ಕದಲ್ಲಿ 28 ಎಕರೆ. ಅದರಲ್ಲೂ ಐದು ಹೆಕ್ಟೇರಿನಷ್ಟನ್ನು 1969ರಲ್ಲಿ ಪಕ್ಕದ ತೋಟದಿಂದ ಕೊಂಡು ಸೇರಿಸಿದ್ದು. ನಮ್ಮ ಕಡೆ ಇಷ್ಟಿದ್ದವನನ್ನು ಅನುಕೂಲಸ್ಥ ಎಂದಾರೇ ಹೊರತು ಜಗತ್ತು ತಿರುಗಿ ನೋಡಲಿಕ್ಕಿಲ್ಲ. ಆದರೆ ಗುಟ್ಟಿರುವುದು ವಿಸ್ತೀರ್ಣದಲ್ಲಲ್ಲ, ಮಣ್ಣಿನಲ್ಲಿ. ಸುತ್ತಲಿನ ನೆಲವೆಲ್ಲ ಗರಸು, ಮರಳು ಬೆರೆತದ್ದು. ಈ ದಿಬ್ಬದ ನೆತ್ತಿಯಲ್ಲಿ ಮಾತ್ರ ಕಪ್ಪು ನೀಲಿ ಛಾಯೆಯ ಜಿಗಟು ಮಣ್ಣು ಮೇಲಕ್ಕೆ ಬಂದಿದೆ. ಭೂವಿಜ್ಞಾನಿಗಳು ಅದನ್ನು ಸ್ಮೆಕ್ಟೈಟ್ ಜಾತಿಯ ಜೇಡಿ ಎನ್ನುತ್ತಾರೆ. ಈ ಹೆಸರು ಓದಿದಾಗ ನನಗೆ ನಗು ಬಂತು. ಒಂಬತ್ತನೇ ತರಗತಿಗೆ ಮಣ್ಣಿನ ಪಾಠ ಮಾಡುವಾಗ ನಮ್ಮ ಎರೆ ಭೂಮಿ ಏಕೆ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಏಕೆ ಉಬ್ಬಿ ಕಾಲು ಹಿಡಿಯುತ್ತದೆ ಎಂದು ವಿವರಿಸುವುದು ಇದೇ ಜಾತಿಯ ಜೇಡಿಯಿಂದಲೇ. ಜಗತ್ತಿನ ಶ್ರೀಮಂತರು ಹಂಬಲಿಸುವ ಮಣ್ಣು ಡೋಣಿ ಸಾಲಿನ ನಮ್ಮ ಎರೆಯ ದೂರದ ಬಂಧು ಎಂದಾಯಿತು.

ಅಪ್ಪ ಎರೆಯನ್ನು ಬೈಯುತ್ತಿದ್ದರು. ನೀರು ನಿಂತರೆ ಬೇರು ಕೊಳೆಯುತ್ತದೆ, ದ್ರಾಕ್ಷಿಗೆ ಎರೆ ಒಗ್ಗದು ಎಂದು ನಮ್ಮ ಪಡವನ್ನು ಅವರು ಮಸಾರಿ ಬೆರೆತ ಹೊಲದಲ್ಲಿ ಹಚ್ಚಿದ್ದರು. ಪೇತ್ರುಸ್ಸಿನಲ್ಲಿ ಅದೇ ಗುಣ ವರವಾಗಿದೆ. ಮಳೆ ಬಿದ್ದಾಗ ಈ ಜೇಡಿ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ದಿಬ್ಬವಾದ್ದರಿಂದ ಮಿಕ್ಕ ನೀರು ಹರಿದುಹೋಗುತ್ತದೆ. ಬೇರು ಆಳಕ್ಕೆ ಇಳಿಯಲಾರದೆ ಮೇಲ್ಮೇಲೇ ಹರಡಿಕೊಳ್ಳುತ್ತದೆ. ಬೇಸಿಗೆ ಬಿಸಿಯೇರಿದಾಗ ಮಣ್ಣು ತಾನು ಹಿಡಿದಿಟ್ಟ ತೇವವನ್ನು ಜಿಪುಣನ ಹಾಗೆ ಇಷ್ಟಿಷ್ಟೇ ಬಿಡುತ್ತದೆ. ಬಳ್ಳಿಗೆ ಹಸಿವೂ ತೀರಬಾರದು, ಸಾಯಲೂಬಾರದು, ಅಂಥ ಸಾಕಣೆ. ಹಣ್ಣು ಸಣ್ಣದಾಗಿ ಸಾರ ಗಟ್ಟಿಯಾಗುತ್ತದೆ.

ಇಂಥ ಜೇಡಿಗೆ ಒಗ್ಗುವ ತಳಿ ಮೆರ್ಲೋ. ಕಪ್ಪು ದ್ರಾಕ್ಷಿ, ತೆಳು ಸಿಪ್ಪೆ, ಬೇಗ ಚಿಗಿಯುವ, ಬೇಗ ಹಣ್ಣಾಗುವ ಸ್ವಭಾವ. 'ಮೆರ್ಲ್' ಎಂದರೆ ಅವರ ಭಾಷೆಯಲ್ಲಿ ಕಪ್ಪು ಹಕ್ಕಿಯೊಂದರ ಹೆಸರು, ಅದರಿಂದಲೇ ಈ ಹೆಸರು ಎನ್ನುತ್ತಾರೆ. ಹಣ್ಣಿನ ಬಣ್ಣಕ್ಕೋ, ಹಣ್ಣು ಕದ್ದು ತಿನ್ನುವ ಹಕ್ಕಿಯ ಚಟಕ್ಕೋ, ಎರಡೂ ಮಾತಿವೆ. ಬೇರೆ ತೋಟಗಳಲ್ಲಿ ಇದನ್ನು ಇನ್ನೊಂದೆರಡು ತಳಿಗಳ ಜೊತೆ ಬೆರೆಸುವುದು ವಾಡಿಕೆ. ಪೇತ್ರುಸ್ಸಿನಲ್ಲಿ ಹಿಂದೆ ಒಂದು ಚೂರು ಕ್ಯಾಬರ್ನೆ ಫ್ರಾಂ ಎಂಬುದು ಇತ್ತು, 2010ರಿಂದೀಚೆಗೆ ಪೂರ್ತಿ ಮೆರ್ಲೋ.

ಬೇಗ ಚಿಗಿಯುವ ತಳಿಗೆ ಒಂದು ಗಂಡಾಂತರ ಜೊತೆಗೇ ಹುಟ್ಟಿರುತ್ತದೆ, ಚಳಿ. ಇಲ್ಲಿಗೆ ನಾನು ನಿಮಗೆ ಹೇಳಬೇಕೆಂದಿದ್ದ ಹೆಂಗಸಿನ ಕತೆ ಬಂತು.

ಪೇತ್ರುಸ್ ಬಹುಕಾಲ ಅರ್ನೋ ಎಂಬ ಮನೆತನದವರದಾಗಿತ್ತು. 1878ರಲ್ಲಿ ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಅವರ ವೈನಿಗೆ ಚಿನ್ನದ ಪದಕ ಬಂದಿತ್ತು. 1925ರಿಂದ ಲಿಬೂರ್ನಿನ ಮದಾಂ ಲೂಬಾ ಎಂಬ ಹೆಂಗಸು ಅದರ ಪಾಲುಗಳನ್ನು ಒಂದೊಂದಾಗಿ ಕೊಳ್ಳತೊಡಗಿದರು. ಲಿಬೂರ್ನಿನಲ್ಲಿ ಅವರ ಮನೆತನದ ಹೋಟೆಲಿತ್ತು. 1940ರ ದಶಕ ಮುಗಿಯುವಷ್ಟರಲ್ಲಿ ತೋಟವೆಲ್ಲ ಅವರದಾಯಿತು. ತನ್ನ ವೈನು ನದಿಯಾಚೆಯ ಮೊದಲ ದರ್ಜೆಯ ಯಾವ ವೈನಿಗೂ ಕಡಿಮೆಯಲ್ಲ, ಬೆಲೆಯೂ ಕಡಿಮೆಯಿರಕೂಡದು ಎಂದು ಪಟ್ಟು ಹಿಡಿದವರು ಅವರು. ಹೋಟೆಲು ನಡೆಸಿದವರಿಗೆ ಬೆಲೆ ಹೇಳಲು ಸಂಕೋಚ ಇರಲಿಕ್ಕಿಲ್ಲ. ಮಾರುವ ಹೊಣೆಯನ್ನು ಲಿಬೂರ್ನಿನ ಜ್ಯಾಂ ಪಿಯೇರ್ ಮ್ವೆಕ್ಸ್ ಎಂಬ ವ್ಯಾಪಾರಿಗೆ ವಹಿಸಿದ್ದರು.

1956ರಲ್ಲಿ ಜನವರಿ ತಿಂಗಳು ಬೆಚ್ಚಗಿತ್ತು. ಫೆಬ್ರವರಿ ಬಂದದ್ದೇ ಯುರೋಪಿನ ಮೇಲೆಲ್ಲ ಕೊರೆಯುವ ಚಳಿ ಬಿತ್ತು, ವಾರಗಟ್ಟಲೆ ಬಿಡಲಿಲ್ಲ. ನಿದ್ದೆಯಲ್ಲಿರುವ ಬಳ್ಳಿ ಸಾಧಾರಣ ಹಿಮಕ್ಕೆ ಜಗ್ಗುವುದಿಲ್ಲ. ಇದು ಸಾಧಾರಣದ್ದಾಗಿರಲಿಲ್ಲ. ಪೊಮೆರೊಲ್ಲಿನ ತೋಟತೋಟಗಳೇ ಸುಟ್ಟ ಹಾಗೆ ನಿಂತವು, ಕಾಂಡಗಳು ಸೀಳಿಹೋದವು. ಬೆಳೆಗಾರರಲ್ಲಿ ಹೆಚ್ಚಿನವರು ಬಳ್ಳಿ ಕಿತ್ತುಹಾಕಿ ಹೊಸ ಸಸಿ ನೆಟ್ಟರು. ಅದು ತಪ್ಪೆಂದು ಯಾರೂ ಹೇಳುವಂತಿಲ್ಲ, ಪುಸ್ತಕದ ಕ್ರಮವೇ ಅದು. ಲೂಬಾ ಕೀಳಿಸಲಿಲ್ಲ. ಸತ್ತ ಕಾಂಡವನ್ನು ಬುಡಕ್ಕೆ ಕಡಿಸಿ, ನೆಲದೊಳಗೆ ಬದುಕಿದ್ದ ಹಳೆಯ ಬೇರಿನ ಮೇಲಿಂದಲೇ ಬಳ್ಳಿಯನ್ನು ಮತ್ತೆ ಎಬ್ಬಿಸಿದರು. ಆಗ ಅಲ್ಲಿ ಅದು ರೂಢಿಯ ಕೆಲಸವಾಗಿರಲಿಲ್ಲ. ಹೊಸ ಸಸಿಯ ಬೇರು ಮಣ್ಣನ್ನು ಹಿಡಿದು, ಅದರ ಹಣ್ಣಿಗೆ ತೂಕ ಬರಲು ಹಲವು ವರ್ಷ ಬೇಕು. ಹಳೆಯ ಬೇರಿಗೆ ಆ ಮಣ್ಣಿನ ಓಣಿಗಳೆಲ್ಲ ಗೊತ್ತು. ಐದು ವರ್ಷ ಕಳೆದು 1961ರಲ್ಲಿ ಆ ಬಳ್ಳಿಗಳು ಕೊಟ್ಟ ಬೆಳೆ ಇವತ್ತಿಗೂ ಶತಮಾನದ ಶ್ರೇಷ್ಠ ಬೆಳೆಗಳಲ್ಲಿ ಒಂದೆಂದು ಎಣಿಕೆಯಾಗುತ್ತದೆ. ಮದಾಂ ಲೂಬಾ ತೀರಿಕೊಂಡದ್ದೂ ಅದೇ ವರ್ಷ. ಆ ವೈನು ಬಾಟಲಿಗೆ ಇಳಿದದ್ದನ್ನು ಅವರು ನೋಡಲಿಲ್ಲ.

ರಸ್ತೆಯ ಬದಿಗೆ ನಿಂತು ಮಗಳು ಫೋನಿನಲ್ಲಿ ಇದನ್ನೆಲ್ಲ ಓದಿ ಹೇಳುತ್ತಿದ್ದಾಗ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವಳು ದಣಿದಿರಬೇಕು ಎಂದುಕೊಂಡಳು.

ನಮ್ಮದು ನಾಲ್ಕು ಎಕರೆಯ ಪಡ. 1986ರಲ್ಲಿ ಹಚ್ಚಿದ್ದು, ಒಣದ್ರಾಕ್ಷಿ ಮಾಡುವ ಹಸಿರು ದ್ರಾಕ್ಷಿ. ನಮ್ಮ ಕಡೆ ಬಳ್ಳಿಗೆ ಚಳಿಗಾಲದ ನಿದ್ದೆಯೆಂಬುದಿಲ್ಲ. ಏಪ್ರಿಲ್ಲಿನಲ್ಲಿ ಒಂದು ಚಾಟಣಿ, ಅಕ್ಟೋಬರಿನಲ್ಲಿ ಒಂದು ಚಾಟಣಿ, ಹೀಗೆ ಎರಡು ಸಲ ಕಡ್ಡಿ ಕತ್ತರಿಸಿ ಅದನ್ನು ಎಬ್ಬಿಸಿಯೇ ಇಡುತ್ತೇವೆ. ಅದಕ್ಕೆ ನೀರು ಬೇಕು. 2001ರಿಂದ ಮಳೆ ಕೈಕೊಡುತ್ತ ಬಂತು. ಎರಡು ಬೋರು ಒಣಗಿದವು, ಮೂರನೆಯದರಲ್ಲಿ ಬರೀ ಗಾಳಿ. ಟ್ಯಾಂಕರಿನಲ್ಲಿ ನೀರು ತಂದು ಬಳ್ಳಿಯ ಬುಡಕ್ಕೆ ಕೊಡದಿಂದ ಹಾಕಿದರು. 2003ರ ಬೇಸಿಗೆಗೆ ಎಲೆ ಉದುರಿ ಪಡವೆಲ್ಲ ಉರುವಲು ಕಟ್ಟಿಗೆಯ ಹಾಗೆ ಕಾಣತೊಡಗಿತು. ಅಪ್ಪ ಮತ್ತು ಅಣ್ಣ ಕಡಿಸುವುದೆಂದು ತೀರ್ಮಾನಿಸಿದರು. ನಾನು ಆಗ ನೌಕರಿಯ ಊರಿನಿಂದ ಬಂದಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವ ಹೇಳಿದ ಮಾತು ಇಷ್ಟೇ: "ಮ್ಯಾಲ ಒಣಗೇದ, ಬೇರಿನಾಗ ಇನ್ನೂ ಜೀವ ಅದ. ಬುಡಕ್ಕ ಕಡದು ಬಿಡ್ರಿ. ಒಂದು ಚೊಲೊ ಮಳಿ ಆಗ್ಲಿ, ತಾವ ಚಿಗೀತಾವ." ಯಾರೂ ಜಗಳ ಮಾಡಲಿಲ್ಲ. ಆ ಮಾತು ಕೇಳಿಸಿದ ಗುರುತೂ ತೋರಿಸಲಿಲ್ಲ. ಮೂರನೆಯ ದಿನ ಟ್ರ್ಯಾಕ್ಟರ್ ಬಂತು. ಕಬ್ಬಿಣದ ಆ್ಯಂಗಲ್ಲು, ತಂತಿ ತೂಕಕ್ಕೆ ಹೋದವು. ಹೊಲಕ್ಕೆ ತೊಗರಿ ಬಿತ್ತಿದರು. ಎರಡು ವರ್ಷಕ್ಕೆ ಮಳೆ ಬಂತು. ಬಳ್ಳಿ ಉಳಿಸಿಕೊಂಡವರ ಪಡಗಳು ಚಿಗಿತವು.

ಅಪ್ಪನನ್ನು ದೂರಲೆಂದು ನಾನು ಇದನ್ನು ಬರೆಯುತ್ತಿಲ್ಲ. ಸಾಲದ ನೋಟೀಸು ಕೈಯಲ್ಲಿತ್ತು, ತಂತಿ ಮಾರಿದ ದುಡ್ಡು ಆ ತಿಂಗಳ ಕಂತಿಗೆ ಬೇಕಿತ್ತು. ಲೂಬಾಗೆ ಹೋಟೆಲಿತ್ತು, ಬಳ್ಳಿ ಚಿಗಿಯುವವರೆಗೆ ಉಣ್ಣಲು ಬೇರೆ ಅನ್ನವಿತ್ತು. ಕಾಯಲಿಕ್ಕೂ ಬಂಡವಾಳ ಬೇಕು ಎಂಬುದನ್ನು ಒಪ್ಪುತ್ತೇನೆ. ಆದರೂ ಪೊಮೆರೊಲ್ಲಿನ ರಸ್ತೆಯಲ್ಲಿ ನನ್ನನ್ನು ಚುಚ್ಚಿದ್ದು ಇನ್ನೊಂದು ವಿಷಯ. ಲೂಬಾ ಹೇಳಿದ್ದೂ ಅವ್ವ ಹೇಳಿದ್ದೂ ಅಕ್ಷರಶಃ ಒಂದೇ ಮಾತು. ಒಬ್ಬರ ಮಾತಿಗೆ ಕೂಲಿಯವರು ಗರಗಸ ಹಿಡಿದು ಬಂದರು, ಇನ್ನೊಬ್ಬರ ಮಾತು ಅಡುಗೆಮನೆಯ ಹೊಸ್ತಿಲು ದಾಟಲಿಲ್ಲ. ಲೂಬಾ ಹೆಚ್ಚು ಓದಿದ್ದರೆಂದಲ್ಲ, ಬಳ್ಳಿಯನ್ನು ಅವ್ವನಿಗಿಂತ ಹೆಚ್ಚು ಬಲ್ಲವರೆಂದಂತೂ ನಾನು ಒಪ್ಪಲಾರೆ. ಹದಿನೇಳು ವರ್ಷ ಪ್ರತಿ ಚಾಟಣಿಗೆ ಬಳ್ಳಿಯ ಕೆಳಗೆ ನಿಂತವಳು ಅವ್ವ. ಆದರೆ ಅಲ್ಲಿಯ ಕಾಗದಪತ್ರದಲ್ಲಿ ಲೂಬಾರ ಹೆಸರಿತ್ತು. ನಮ್ಮ ಉತಾರದಲ್ಲಿ ಅವ್ವನ ಹೆಸರು ಯಾವ ಕಾಲಂನಲ್ಲೂ ಇರಲಿಲ್ಲ.

ಲೂಬಾ ನಂತರ ತೋಟ ಸೋದರಸೊಸೆಗೂ ಸೋದರಳಿಯನಿಗೂ ಹೋಯಿತು. ಇಬ್ಬರಿಗೂ ಹೊಂದಾಣಿಕೆಯಾಗದಿದ್ದರೆ ತೂಗಿ ಹೇಳಲಿ ಎಂದು ವ್ಯಾಪಾರಿ ಮ್ವೆಕ್ಸ್‌ಗೂ ಒಂದು ಷೇರು ಇಟ್ಟಿದ್ದರು. ಬಹಳ ಮುಂದಾಲೋಚನೆಯ ಹೆಂಗಸು! 1964ರಲ್ಲಿ ಅಳಿಯನ ಪಾಲನ್ನು ಮ್ವೆಕ್ಸ್ ಕೊಂಡರು, ಮುಂದೆ ತೋಟ ಅವರ ಮನೆತನದ್ದಾಯಿತು. ಅದೇ ವರ್ಷ ವೈನು ಮಾಡುವ ಹೊಣೆಗೆ ಬಂದ ಜ್ಯಾಂ ಕ್ಲೋದ್ ಬೆರ್ರುಎ 2007ರ ತನಕ ಅಲ್ಲೇ ಇದ್ದು, ಆಮೇಲೆ ಮಗ ಒಲಿವಿಯೆ ಕೈಗೆ ಕೆಲಸ ಒಪ್ಪಿಸಿದರು. ಒಂದೇ ಶಾಲೆಯಲ್ಲಿ ನಾಲ್ಕು ದಶಕ ಪಾಠ ಮಾಡಿದ ಹಾಗೆ. ವರ್ಗಾವಣೆಯ ಕಾಟ ಉಂಡವರಿಗೆ ಇದರ ಬೆಲೆ ಗೊತ್ತು.

ಮ್ವೆಕ್ಸರ ಮಗ ಕ್ರಿಸ್ತಿಯಾಂ 1970ರ ದಶಕದಲ್ಲಿ ಇನ್ನೊಂದು ಕ್ರಮ ತಂದರು. ಬೇಸಿಗೆಯಲ್ಲಿ ಕಾಯಿ ಇನ್ನೂ ಹಸಿರಿರುವಾಗಲೇ ಗೊನೆಗಳಲ್ಲಿ ಒಂದು ಪಾಲನ್ನು ಕತ್ತರಿಸಿ ನೆಲಕ್ಕೆ ಬಿಡುವುದು. ಉಳಿದವಕ್ಕೆ ಸಾರ ಸೇರಲಿ ಎಂದು. ಬೆಳೆದು ನಿಂತ ಫಲವನ್ನು ಕೈಯಾರೆ ಕೆಡಹುವುದನ್ನು ಅಲ್ಲಿಯ ಹಿರಿಯರು ಸಹಿಸಲಿಲ್ಲವಂತೆ. ಎಲ್ಲಿಯಾದರೂ ಹಿರಿಯರು ಹಿರಿಯರೇ. ಅಪ್ಪನಿಗೆ ಎಕರೆಗೆ ಎಷ್ಟು ಟನ್ ಬಂತೆಂಬುದೇ ಬಿರುದು, ಹತ್ತು ಟನ್ ಬಂದ ವರ್ಷ ಊರಿಗೆಲ್ಲ ಹೇಳಿದ್ದರು. ನಾನು ಕೂತು ಲೆಕ್ಕ ಹಾಕಿದೆ. ಪೇತ್ರುಸ್ಸಿನಿಂದ ವರ್ಷಕ್ಕೆ ಹೊರಬೀಳುವುದು ಹೆಚ್ಚು ಕಡಿಮೆ 30,000 ಬಾಟಲಿ. ಬಾಟಲಿಗೆ ಮುಕ್ಕಾಲು ಲೀಟರಿನಂತೆ 22,500 ಲೀಟರ್, ಎಕರೆಗೆ 800 ಲೀಟರ್. ಅಷ್ಟು ವೈನಿಗೆ ಬೇಕಾಗುವ ಹಣ್ಣು ಒಂದು ಟನ್ನಿಗಿಂತ ತುಸು ಹೆಚ್ಚು. ಅಪ್ಪ ಇದ್ದಿದ್ದರೆ ಈ ಅಂಕಿ ಕೇಳಿ, ಇವರಿಗೆ ಬೇಸಾಯ ಯಾರು ಕಲಿಸಿದರು ಎನ್ನುತ್ತಿದ್ದರು.

ಕೊಯ್ಲಿನ ರೀತಿಯೂ ಹಾಗೆಯೇ. ಬೆಳಗಿನ ಇಬ್ಬನಿಯ ನೀರು ರಸಕ್ಕೆ ಸೇರಬಾರದೆಂದು ಮಧ್ಯಾಹ್ನದ ಬಳಿಕವೇ ಕತ್ತರಿ ಹಿಡಿಯುತ್ತಾರೆ. ಬಹಳ ಆಳು ಹಚ್ಚಿ ಕೆಲವೇ ಮಧ್ಯಾಹ್ನಗಳಲ್ಲಿ ಮುಗಿಸುತ್ತಾರೆ. 1992ರಲ್ಲಿ ಕೊಯ್ಲಿನ ಮುಂಚೆ ಮಳೆ ಹಿಡಿದಾಗ ಬಳ್ಳಿಗಳ ನಡುವೆ ನೆಲಕ್ಕೆ ಪ್ಲಾಸ್ಟಿಕ್ ಹಾಳೆ ಹಾಸಿದ್ದರು, ನೀರು ಬೇರಿಗೆ ಇಳಿಯದಿರಲಿ ಎಂದು. ಅದರ ಹಿಂದಿನ ವರ್ಷ, 1991ರಲ್ಲಿ, ಏಪ್ರಿಲ್ಲಿನ ಹಿಮಕ್ಕೆ ಚಿಗುರು ಹೋಗಿತ್ತು. ಆ ವರ್ಷ ಪೇತ್ರುಸ್ ಎಂಬ ಹೆಸರಿನಲ್ಲಿ ಒಂದು ಬಾಟಲಿಯನ್ನೂ ಹೊರಗೆ ಬಿಡಲಿಲ್ಲ. ಈ ಕೊನೆಯ ಸಂಗತಿ ನನಗೆ ಬಹಳ ಹಿಡಿಸಿತು. ಪಾಸಾಗದ್ದನ್ನು ಗ್ರೇಸ್ ಮಾರ್ಕು ಕೊಟ್ಟು ದಾಟಿಸಲಿಲ್ಲ.

ಬೆಲೆಯ ವಿಚಾರ ಕೇಳಿದರೆ ಮಾತ್ರ ನನಗೆ ತಲೆ ಸುತ್ತುತ್ತದೆ. ಒಂದು ಬಾಟಲಿಗೆ ಸಾವಿರಾರು ಯೂರೋ, ಅಂದರೆ ನಮ್ಮ ಲೆಕ್ಕದಲ್ಲಿ ಲಕ್ಷಗಳ ಮಾತು. ಕೊಂಡವರಲ್ಲಿ ಎಷ್ಟು ಮಂದಿ ಕುಡಿಯುತ್ತಾರೋ, ಎಷ್ಟು ಮಂದಿ ಬಂಗಾರದ ಹಾಗೆ ತಿಜೋರಿಯಲ್ಲಿಟ್ಟು ಮತ್ತೆ ಮಾರುತ್ತಾರೋ. ನಾನು ಹೋಗಿ ಬಂದ ಮರು ತಿಂಗಳು, 2019ರ ನವೆಂಬರಿನಲ್ಲಿ, 2000ದ ಬೆಳೆಯ 12 ಬಾಟಲಿಗಳನ್ನು ಅಂತರಿಕ್ಷ ನಿಲ್ದಾಣಕ್ಕೆ ಕಳಿಸಿದರು. ಹದಿನಾಲ್ಕು ತಿಂಗಳು ಭೂಮಿಯನ್ನು ಸುತ್ತಿ 2021ರ ಜನವರಿಯಲ್ಲಿ ಅವು ಇಳಿದವು. ಬೋರ್ದೋದಲ್ಲಿ ರುಚಿ ನೋಡಿದವರು, ನೆಲದಲ್ಲಿದ್ದದ್ದಕ್ಕಿಂತ ಇದಕ್ಕೆ ತುಸು ವಯಸ್ಸಾದ ಹಾಗಿದೆ ಎಂದರಂತೆ. ಅದರಲ್ಲೊಂದು ಬಾಟಲಿಗೆ ಹತ್ತು ಲಕ್ಷ ಡಾಲರ್ ಬರಬಹುದೆಂದು ಲಂಡನ್ನಿನ ಹರಾಜು ಸಂಸ್ಥೆ ಕ್ರಿಸ್ಟೀಸ್ ಅಂದಾಜು ಹೇಳಿತು. ಕೂಲಿಯವರು ಬಗ್ಗಿ ಕೊಯ್ದ ಹಣ್ಣು ಇದೇ ಅಲ್ಲವೇ ಎಂದು ಮಾತ್ರ ನನಗೆ ಅನ್ನಿಸಿತು. ಆಕಾಶಕ್ಕೆ ಹೋಗಿ ಬಂದದ್ದರಿಂದ ಅದಕ್ಕೆ ಹೆಚ್ಚಿಗೆ ಏನು ಬಂತೋ ನನಗೆ ತಿಳಿಯದು.

ಊರಿಗೆ ಬಂದ ಮೇಲೆ ಮೆರ್ಲೋ ಬಗ್ಗೆ ಸಿಕ್ಕಿದ್ದನ್ನು ಓದುತ್ತ ಹೋದೆ. ಈ ತಳಿಯ ತಂದೆ ಕ್ಯಾಬರ್ನೆ ಫ್ರಾಂ ಎಂದು ವಿಜ್ಞಾನಿಗಳಿಗೆ ಮೊದಲೇ ತಿಳಿದಿತ್ತು. ಅದು ಹೆಸರಾಂತ ತಳಿ, ವಂಶಾವಳಿಯಿರುವ ಮನೆತನ. ತಾಯಿ ಯಾರೆಂಬುದು ಬಹಳ ಕಾಲ ಗೊತ್ತಾಗಲಿಲ್ಲ. 1996ರಲ್ಲಿ ಬ್ರಿಟನಿ ಸೀಮೆಯ ಒಂದು ಹಳ್ಳಿಯ ಹತ್ತಿರ, ಯಾರೂ ನೋಡಿಕೊಳ್ಳದೆ ಬೆಳೆದಿದ್ದ ಒಂದು ಬಳ್ಳಿ ಸಿಕ್ಕಿತು. ಯಾವ ಪಟ್ಟಿಯಲ್ಲೂ ಅದಕ್ಕೆ ಹೆಸರಿರಲಿಲ್ಲ. ಆಮೇಲೆ ಶಾರಾಂತ್ ಸೀಮೆಯ ನಾಲ್ಕು ಹಳ್ಳಿಗಳಲ್ಲಿ ಮನೆಯ ಮುಂದೆ ಹಬ್ಬಿಸಿದ ಬಳ್ಳಿಗಳಾಗಿ ಅದೇ ಮತ್ತೆ ಕಂಡಿತು. ಜುಲೈ 22ರ ಸಂತ ಮ್ಯಾಗ್ಡಲೀನಳ ಹಬ್ಬದ ಹೊತ್ತಿಗೇ ಹಣ್ಣಾಗುವುದರಿಂದ ಹಳ್ಳಿಯವರು ಅದನ್ನು ಮಾಗ್ದಲೇನ್ ದ್ರಾಕ್ಷಿ ಎಂದು ಕರೆಯುತ್ತಿದ್ದರು. 2009ರಲ್ಲಿ ಸಂಶೋಧಕರು ಡಿಎನ್‌ಎ ಹೊಂದಿಸಿ ನೋಡಿ, ಮೆರ್ಲೋವಿನ ತಾಯಿ ಇದೇ ಎಂದು ಪ್ರಕಟಿಸಿದರು. ಮಾಲ್ಬೆಕ್ ಎಂಬ ಇನ್ನೊಂದು ಪ್ರಸಿದ್ಧ ತಳಿಗೂ ಇದೇ ತಾಯಿ. ಆಗ ಅದಕ್ಕೊಂದು ಪೂರ್ತಿ ಹೆಸರನ್ನೂ ಇಟ್ಟರು: ಮಾಗ್ದಲೇನ್ ನ್ವಾರ್ ದೆ ಶಾರಾಂತ್, ಶಾರಾಂತಿನ ಕಪ್ಪು ಮಾಗ್ದಲೇನ್. ಎರಡು ಮಕ್ಕಳು ಜಗತ್ತನ್ನೆಲ್ಲ ಸುತ್ತಿ ಹೆಸರು ಮಾಡಿ ಬಂದಮೇಲೆ ತಾಯಿಯ ಹೆಸರು ದಾಖಲೆಗೆ ಹತ್ತಿತು. ಅಲ್ಲಿಯವರೆಗೆ ಅದು ಯಾರದೋ ಮನೆಯ ಬಾಗಿಲಿಗೆ ನೆರಳು ಕೊಡುತ್ತ ನಿಂತಿತ್ತು.

ನಮ್ಮ ಮನೆಯಲ್ಲೂ ಒಂದು ಬಳ್ಳಿ ಹಾಗೆ ಉಳಿದಿದೆ. 2003ರಲ್ಲಿ ಟ್ರ್ಯಾಕ್ಟರ್ ಬರುವ ಹಿಂದಿನ ಸಂಜೆ ಅವ್ವ ಪಡಕ್ಕೆ ಹೋಗಿ, ಬದುವಿನ ಮಗ್ಗುಲಿನ ಒಂದು ಬುಡವನ್ನು ಮಣ್ಣುಸಹಿತ ಅಗೆಸಿ ತಂದು ಬಚ್ಚಲ ನೀರು ಹರಿಯುವ ಕಡೆಗೆ ಊರಿದ್ದಳು. ಕಾಂಡ ಪೂರ್ತಿ ಒಣಗಿತ್ತು, ಗೇಣುದ್ದ ಬಿಟ್ಟು ತಾನೇ ಕುಡಗೋಲಿನಿಂದ ಕಡಿದಳು. ಶ್ರಾವಣದ ಹೊತ್ತಿಗೆ ಅದಕ್ಕೆ ಎರಡು ಕಣ್ಣು ಒಡೆದವು. ಮುಂದೆ ಅದೇ ಅಂಗಳದ ಹಂದರವಾಯಿತು. ಹಣ್ಣು ಅಷ್ಟಕ್ಕಷ್ಟೆ, ಗಿಳಿಗಳು ನಮಗಿಂತ ಮೊದಲು ಬರುತ್ತವೆ. ಅವ್ವ 2014ರಲ್ಲಿ ತೀರಿಕೊಂಡಳು. ಚಾಟಣಿಯ ಕೆಲಸವನ್ನು ಈಗ ಅತ್ತಿಗೆ ಮಾಡುತ್ತಾಳೆ.

ಮೊನ್ನೆ ಅಣ್ಣ ಫೋನು ಮಾಡಿದ್ದ. ಮುಂದಿನ ಪಡಸಾಲೆ ಇಳಿಸಿ ಆರ್‌ಸಿಸಿ ಹಾಕಿಸುವ ವಿಚಾರವಿದೆಯಂತೆ. ಪಾಯ ತೋಡಲು ಹಂದರ ಅಡ್ಡ ಬರುತ್ತದೆ, ತೆಗೆಸಬೇಕಾದೀತು ಎಂದ. ಅತ್ತಿಗೆ ಏನಂತಾಳ ಎಂದು ಕೇಳಿದೆ. "ಅಕೀದೇನ್ ಕೇಳೂದು" ಎಂದು ನಕ್ಕ. ಫೋನು ಅವಳ ಕೈಗೆ ಕೊಡು ಎಂದೆ. ಅಕ್ಟೋಬರಿನ ಚಾಟಣಿಗೆ ಬರುತ್ತೇನೆ, ಕಡ್ಡಿ ತೆಗೆದು ಸಸಿ ಕಟ್ಟೋಣ, ಒಂದು ನನಗೆ, ಒಂದು ನಿನ್ನ ತವರಿಗೆ, ಅಲ್ಲಿಯವರೆಗೆ ಯಾರಿಗೂ ಮುಟ್ಟಗೊಡಬೇಡ ಎಂದು ಅವಳಿಗೆ ಹೇಳಿದೆ. "ನಾ ಪಾಯದ ಗೆರಿನ ಎರಡು ಫೂಟ್ ಸರಿಸಂತ ಗೌಂಡಿಗೆ ಹೇಳೇನ್ರಿ ಯಕ್ಕಾ" ಎಂದಳು.